ಮೂರನೇ ಕೋಣೆಯ ಹಳ್ಳ

ಏಪ್ರಿಲ್. ಸೋಲಾಪುರ ರಸ್ತೆಯ ಡಾಂಬರು
ಚಪ್ಪಲಿ ಹಿಡಿದೆಳೆಯುವ ಮಧ್ಯಾಹ್ನ.
ದುಪಟ್ಟಾದೊಳಗೆ ಚಳಿಗಾಲ ಮುಚ್ಚಿಕೊಂಡು ಬಂದಿದ್ದೇನೆ:
ನಲವತ್ತು ರಟ್ಟಿನ ಚೀಟಿ, ಒಂದು ರಬ್ಬರ್ ಬ್ಯಾಂಡು.
ಫಿನ್ನಿಶ್ ಪರೀಕ್ಷೆಗೆ ಇನ್ನು ಹನ್ನೊಂದು ದಿನ.

ಅಬ್ಬಾ ಕೋಲ್ಡ್ ಸ್ಟೋರೇಜಿನ ಮೂರನೇ ಕೋಣೆ ಕಾಯುತ್ತಾರೆ.
ಒಳಗೆ ತಿಕೋಟಾದ ಒಣದ್ರಾಕ್ಷಿ,
ಡಬ್ಬಿ ಮೇಲೆ ಡಬ್ಬಿ ಸೂರಿನವರೆಗೆ, ನಾಲ್ಕು ಡಿಗ್ರಿ,
ಸಿಹಿಯೂ ಗಂಧಕವೂ ಕೂಡಿದ ವಾಸನೆ.
ಖಾಲಿ ಕ್ರೇಟು ಬೋರಲು ಹಾಕಿ ಕೂರಿಸಿದರು.
ಸ್ವೆಟರು ಬಿಚ್ಚಿ ಕೊಟ್ಟರು.
ಈ ಊರಲ್ಲಿ ಬೇಸಿಗೆಗೂ ಸ್ವೆಟರಿನ ಮೊಳಕೈ ಸವೆಸಿದ
ಒಬ್ಬನೇ ಮನುಷ್ಯ ನನ್ನಪ್ಪ.

ಲುಮಿ. ಹಿಮ.
ಅವರು ನೋಡಿಲ್ಲ, ನಾನೂ ನೋಡಿಲ್ಲ. ಮುಂದಿನದು.

ಪಕ್ಕನೆನ್. ಸೊನ್ನೆಯ ಕೆಳಗಿನ ಥಂಡಿ.
ಇದು ಸಲೀಸು: ಪಕ್ಕನೆ ಬಂದು ಹಿಡಿಯುವುದು.
ಟೀಚರಿಗೆ ಈ ಉಪಾಯ ಹೇಳಿಲ್ಲ.

ಲೊಸ್ಕಾ. ಅರ್ಧ ಕರಗಿ ರಾಡಿಯಾದದ್ದು.
"ನಮ್ಮ ಎರಿ ಹೊಲ, ಮಳಿಗಾಲದಾಗ.
ಕಾಲಿಗೆ ಎರಡೆರಡು ಕಿಲೋ."
ಕೆಲಸದ ಮಾತು, ಮಣ್ಣಿನ ಮಾತು ಬಂದರೆ
ಅಬ್ಬಾ ಮನೆಯ ದಖನಿ ಬಿಟ್ಟು ಕನ್ನಡಕ್ಕೆ ಇಳಿಯುತ್ತಾರೆ.

ಪ್ಯುರ್ಯು. ಗಾಳಿಗೆ ಸುತ್ತಿ ಸುತ್ತಿ ಬೀಳುವ ಹಿಮ.
ತುಟಿಯಲ್ಲಿ ಸೀಟಿ, ನಾಲಿಗೆಯಲ್ಲಿ ಇ,
ಎರಡೂ ಒಮ್ಮೆಲೇ ಆಗಬೇಕು.
ಅಬ್ಬಾ ಪ್ರಯತ್ನಿಸಿದರು.
ಹೊರಗಿದ್ದ ಹಮಾಲರು ಯಾರು ಕರೆದರೆಂದು ತಿರುಗಿ ನೋಡಿದರು.

ಲಿವುಕಸ್. ಜಾರುವಂಥದ್ದು.
ಇದರಡಿ ಕೆಂಪು ಗೆರೆ ಎಳೆದಿದ್ದೇನೆ.
ಅಲ್ಲಿ ಜನವರಿಯ ವಾರ್ಡುಗಳಲ್ಲಿ
ಸೊಂಟ ಮುರಿದ ಅಜ್ಜಿಯರು ಸ್ಟ್ರೆಚರಿನ ಮೇಲೆ
ಹೆಸರಿಗಿಂತ ಮೊದಲು ಇದನ್ನೇ ಹೇಳುತ್ತಾರಂತೆ.
"ಬಚ್ಚಲದಾಗ ಜಾರಿದ್ನೆವ್ವಾ" ಎಂಬುದನ್ನು
ಒಂಬತ್ತು ವರ್ಷ ಕೇಳಿದ ಕಿವಿ ನನ್ನದು.
ಆ ಸ್ವರ ಸಿಕ್ಕರೆ ಸಾಕು,
ಪದ ತಪ್ಪಿದರೂ ಕೈ ಹಿಡಿಯಬಲ್ಲೆ.

ಹೂರ್ರೆ. ತಣ್ಣಗಿನ ವಸ್ತುವಿನ ಮೇಲೆ ಬೆಳೆಯುವ ಬಿಳಿ.
ಅಬ್ಬಾ ಎದ್ದು ಪೈಪಿನಿಂದ ಉಗುರಲ್ಲಿ ಕೆರೆದು
ನನ್ನ ಅಂಗೈಗೆ ಹಾಕಿದರು.
"ಇದಕ್ಕ ನಾವು ಉಪ್ಪು ಅಂತೀವಿ.
ಉಪ್ಪು ಹಿಡೀತಂದ್ರ ಕೆರೀಬೇಕು,
ಇಲ್ಲಾಂದ್ರ ಮಷೀನು ಉಸಿರು ಕಟ್ಟತೈತಿ."
ಹದಿನೇಳು ವರ್ಷ, ಒಂದೇ ಒಂದು ಚಳಿಗಾಲವನ್ನು
ಕೆರೆಯುತ್ತ ಬಂದ ಉಗುರು.
ಉಪ್ಪು ನೀರಾಗುವವರೆಗೆ ನಾನು ಚೀಟಿ ತಿರುವಲಿಲ್ಲ.

ಹಲ್ಲು ಕಟಕಟ ಅಂದಾಗ ಹೊರಗೆ ಬಂದೆವು.
ಬಾಗಿಲು ಧಪ್ಪನೆ ಮುಚ್ಚಿತು. ಮತ್ತೆ ಏಪ್ರಿಲ್.
ಹೊಸ್ತಿಲ ಮೇಲೆ ಇನ್ನೊಂದು ಚೀಟಿ:

ಹಲ್ಲಾ.

"ಹಳ್ಳಾ? ಅದು ಗೊತ್ತೈತಿ."

ಅದಲ್ಲ ಅಬ್ಬಾ. ಬೇಸಿಗೆ ಮುಗಿಯುವ ಮೊದಲೇ ಒಂದು ರಾತ್ರಿ
ಸದ್ದಿಲ್ಲದೆ ಇಳಿದು ನಿಂತ ಬೆಳೆ ಸುಡುವ ಥಂಡಿ.
ಹಳ್ಳದ ಹಾಗೆ ಹರಿಯುವುದಲ್ಲ.

ಅವರು ವಾದಿಸಲಿಲ್ಲ.
"ಚಪ್ಪಲ್ ಬಿಡು. ಇಲ್ಲಿ ನಿಂದರು."
ಹಿಡಿಕೆ ಒತ್ತಿ ಬಾಗಿಲನ್ನು ಗೇಣಷ್ಟು ತೆರೆದರು.

ಮೊದಲು ಹೆಬ್ಬೆರಳು. ಆಮೇಲೆ ಹಿಮ್ಮಡಿ.
ನೆಲ ಹಿಡಿದು, ತಗ್ಗು ಹುಡುಕುತ್ತ,
ಕ್ರೇಟನ್ನು ಬಳಸಿ, ಕಸಬರಿಗೆಯನ್ನು ಬಳಸಿ
ತೆಳ್ಳನೆ ಬಿಳಿ ಉಗಿ ಹೊರಟಿತು.
ಮೊಣಕಾಲಿನ ಮೇಲೆ ವಿಜಯಪುರ.
ಕೆಳಗೆ, ಯಾವುದೋ ಹೊಲದ ಅಂಚು.

"ಹರೀತೈತೋ ಇಲ್ಲೋ?"

ಪುಸ್ತಕದಲ್ಲಿ ಸಣ್ಣಕ್ಷರದ ಸಾಲೊಂದಿತ್ತು,
ಪರೀಕ್ಷೆಗೆ ಬರುವುದಿಲ್ಲವೆಂದು ಬಿಟ್ಟದ್ದು:
ಇದು ಮೊದಲು ತಗ್ಗಿನ ಹೊಲಗಳಿಗೆ ಬರುತ್ತದೆ.

ಅಲ್ಲೇ ಕುಕ್ಕರಗಾಲಲ್ಲಿ ಕೂತು
ಚೀಟಿಯ ಬೆನ್ನಿನ ಅರ್ಥ ಹೊಡೆದುಹಾಕಿದೆ.
ಪೆನ್ನಿನ ಶಾಯಿ ಗಟ್ಟಿಯಾಗಿತ್ತು, ಅಂಗೈಗೆ ಉಜ್ಜಿದೆ.

"ಲಗೂನ ಬರಿ," ಅಂದರು ಅಬ್ಬಾ, ಹಿಡಿಕೆ ಬಿಡದೆ,
"ಹಳ್ಳ ಬತ್ತತೈತಿ.
ಮಾಲಕ ಮೀಟರ್ ನೋಡತಾನ."